ಬಲ್ಬು ಮೇಲೇರಿದ ಮೇಲೆ

ಹಾಸ್ಟೆಲ್, ತಿಪಟೂರು
14-9-2003, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಸೊಂಟನೋವು ಕಡಿಮೆ ಆಯ್ತಾ? ಕೆಂಕೆರೆಯಲ್ಲಿ ಮಾವ, ಅತ್ತೆ ಚೆನ್ನಾಗಿದ್ದಾರಾ? ನಾನು ಆರಾಮಾಗಿದ್ದೀನಿ, ಇಂಟರ್ನಲ್ಸ್ ಟೆನ್ಷನ್ ಒಂದು ಬಿಟ್ಟರೆ. ಮೊದಲೇ ಒಂದು ಮಾತು. ಈ ಕಾಗದವನ್ನು ಓದಿಸೋಕೆ ಅಂಜನಪ್ಪ ಮಾವನ ಕೈಗೆ ಕೊಡಬೇಡ. ಹೊಸ್ತಿಲ ಹತ್ತಿರ, ಬೆಳಕು ಕಾಗದದ ಮೇಲೆ ಬೀಳೋ ಹಾಗೆ ಕೂತು ನೀನೇ ಓದು. ಯಾಕೆ ಅಂತ ಕೊನೆಗೆ ಹೇಳ್ತೀನಿ.

ನೀನು ಊರಿಗೆ ಹೊರಟಾಗ "ಕಣ್ಣು ಹೋಯ್ತು ಕಣೇ ಭಾನು, ಇನ್ನು ಕೊಬ್ಬರಿ ಆರಿಸೋದು ನನ್ನ ಕೈಲಾಗಲ್ಲ" ಅಂದೆಯಲ್ಲ, ಅದು ನನ್ನ ತಲೆಯಿಂದ ಹೋಗಿಲ್ಲ. ನೀನು ಆರಿಸಿದ ಚೀಲದಲ್ಲಿ ಬೂಷ್ಟು ಹಿಡಿದ ಕೊಬ್ಬರಿ ಮತ್ತೆ ಮತ್ತೆ ಸಿಕ್ಕಿತು ಅಂತ ಕೊಬ್ಬರಿ ಮಂಡಿ ಯಜಮಾನರು ದೊಡ್ಡರಂಗಯ್ಯನವರು ಎಲ್ಲರೆದುರಿಗೇ "ವಯಸ್ಸಾಯ್ತು ಬುಡು ಗಂಗಮ್ಮ" ಅಂದರಂತೆ. ಈಗ ಅಲ್ಲಿ ಅಕ್ಕಿ ಆರಿಸೋಕೂ ಮೊರ ಮುಟ್ಟಲ್ವಂತೆ ನೀನು, ಮಾವ ಬರೆದಿದ್ದರು. ಅದನ್ನು ಮೆಸ್ಸಿನಲ್ಲಿ ಓದಿ ಅತ್ತುಬಿಟ್ಟೆ. ಫ್ರೆಂಡ್ಸ್ ಕೇಳಿದ್ದಕ್ಕೆ ಸಾರು ಖಾರ ಅಂದೆ.

ಹೋದ ವಾರ ಸರ್ ಬೆಳಕಿನ ಅಳತೆ ಪಾಠ ಮಾಡಿದರು. ವ್ಯಾಟ್, ಲ್ಯೂಮೆನ್, ಲಕ್ಸ್. ಮೂರೂ ಒಂದೇ ಥರ ಅನ್ನಿಸಿ, ಎಬ್ಬಿಸಿ ಕೇಳಿದಾಗ ತೊದಲಿದೆ. ಆಮೇಲೆ ನಮ್ಮ ಗೌರಿ ಹಸುವನ್ನು ನೆನೆಸಿಕೊಂಡು ಕಲಿತೆ. ಹಸು ತಿನ್ನೋ ಹಿಂಡಿ ವ್ಯಾಟ್, ಅಂದರೆ ಬಲ್ಬು ತಿನ್ನೋ ಕರೆಂಟು. ಕೊಡೋ ಹಾಲೆಲ್ಲ ಲ್ಯೂಮೆನ್, ಅಂದರೆ ಬಲ್ಬಿನಿಂದ ಹೊರಡೋ ಬೆಳಕು. ಅದರಲ್ಲಿ ನನ್ನ ಲೋಟಕ್ಕೆ ಬಿದ್ದಷ್ಟು ಹಾಲು ಲಕ್ಸ್, ಅಂದರೆ ನಿನ್ನ ಕೈಲಿರೋ ಕೊಬ್ಬರಿ ಮೇಲೆ ಬಿದ್ದಷ್ಟು ಬೆಳಕು. ಬಲ್ಬು ಎರಡರಷ್ಟು ದೂರ ಹೋದರೆ ಲಕ್ಸ್ ಅರ್ಧ ಆಗಲ್ಲಮ್ಮಾ, ಕಾಲು ಭಾಗಕ್ಕೆ ಇಳಿಯುತ್ತೆ. ಇದನ್ನು ಬರ್ಕೋತಿದ್ದಾಗಲೇ ಥಟ್ಟನೆ ಮಂಡಿ ನೆನಪಾಯ್ತು. ಯುಗಾದಿ ಆದಮೇಲೆ ಅಲ್ಲಿ ಚೀಲಗಳ ಅಟ್ಟಿ ಎತ್ತರಿಸೋಕೆ ಅಡ್ಡ ಅಂತ, ನಿನ್ನ ತಲೆ ಮೇಲೆ ಇಳಿಬಿದ್ದಿದ್ದ ಅರವತ್ತರ ಬಲ್ಬು ತೆಗೆದು, ತಗಡಿನ ಸೂರಿಗೆ ಇನ್ನೂರರದು ಹಾಕಿದ್ದರಲ್ಲ? ನಿನ್ನ ಕಣ್ಣು ಮಂಜಾಯ್ತು ಅಂದಿದ್ದೂ ಆಮೇಲೇ.

ಸರ್ ಹತ್ತಿರ ಬೇಡಿಕೊಂಡು ಲಕ್ಸ್ ಮೀಟರ್ ತಗೊಂಡು, ದುಪಟ್ಟಾದಲ್ಲಿ ಮಗು ಥರ ಸುತ್ತಿಕೊಂಡು ನಿನ್ನೆ ಮಂಡಿಗೆ ಹೋದೆ. ದೊಡ್ಡರಂಗಯ್ಯನವರು ನಕ್ಕರು. "ಇನ್ನೂರು ವ್ಯಾಟ್ ಹಾಕ್ಸಿದೀನಿ ಕಣಮ್ಮ, ಇನ್ನೇನು ಸೂರ್ಯನ್ನೇ ತಂದು ಕಟ್ಲಾ?" ನಿನ್ನ ಜಾಗದಲ್ಲಿ ಮೀಟರ್ ಇಟ್ಟರೆ ಹದಿನೈದೂ ದಾಟಲಿಲ್ಲ, ಇಂಥ ಕೆಲಸಕ್ಕೆ ಮುನ್ನೂರು ಬೇಕು ಅಂತಾರೆ ಸರ್. ದೊಡ್ಡರಂಗಯ್ಯನವರಿಗೆ ನಂಬಿಕೆ ಬರಲಿಲ್ಲ. ನಾನೇ ನಿನ್ನ ಗೋಣಿತಾಟಿನ ಮೇಲೆ ಕೂತು ಒಂದು ಕುಕ್ಕೆ ಆರಿಸಿದೆ. ಬಾಗಿಲ ಪಕ್ಕ ಕೂರೋ ಕೊಲ್ಲಾಪುರಮ್ಮ ಅದನ್ನು ಬಿಸಿಲಿಗೆ ಸುರಿದು ನೋಡಿ, ಬೂಷ್ಟಿನದು ಎತ್ತಿ ತೋರಿಸಿ, "ಏನೇ, ಓದೋ ಹುಡುಗಿ ಕಣ್ಣಿಗೂ ಪೊರೆ ಬಂತಾ?" ಅಂದಳು. ಜನ್ಮದಲ್ಲಿ ಫೇಲ್ ಆಗಿದ್ದಕ್ಕೆ ಇಷ್ಟು ಖುಷಿ ಪಟ್ಟಿರಲಿಲ್ಲ ಅಮ್ಮಾ. ಆಮೇಲೆ ದೊಡ್ಡರಂಗಯ್ಯನವರೂ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದು ಕೊಬ್ಬರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಂಜೆಗೆ ವೈರ್ ಉದ್ದ ಮಾಡಿಸಿ, ಬಲ್ಬು ಕೆಳಗಿಳಿಸಿ, ಎಣ್ಣೆ ಡಬ್ಬದ ತಗಡಿಂದ ಅದಕ್ಕೊಂದು ಟೋಪಿ ಹಾಕಿಸಿದರು. ಮೀಟರ್ ಮುನ್ನೂರು ದಾಟಿತು. ನಾನು ಹೊರಡುವಾಗ "ಗಂಗಮ್ಮಂಗೆ ಬರೋಕೆ ಹೇಳು" ಅಂದರು, ಮುಖ ಆ ಕಡೆ ಮಾಡಿಕೊಂಡು.

ಡಾಕ್ಟರಿಗೂ ತೋರಿಸೋಣ, ಕನ್ನಡಕ ಬೇಕಾದರೆ ಹಾಕಿಸೋಣ, ಅದರಲ್ಲೇನಿದೆ. ಅತ್ತೆಗೆ, ಮಾವನಿಗೆ ನನ್ನ ನಮಸ್ಕಾರ. ನಿನ್ನ ಕಾಲು ಮುಟ್ಟಿ,

ನಿನ್ನ
ಭಾನುಪ್ರಿಯಾ

ತಾ.ಕ.: ಜಾಗ ಸಾಲದೆ ಇನ್‌ಲ್ಯಾಂಡಿನ ಮೂಲೆಗೂ ಇರುವೆ ಸಾಲಿನ ಹಾಗೆ ಬರೆದಿದ್ದೀನಿ. ಇಲ್ಲೀವರೆಗೂ ಓದಿದ ಕಣ್ಣು ಯಾರದು, ನೀನೇ ಹೇಳು. ಶನಿವಾರ ಹರಾಜು, ಗುರುವಾರ ಬಂದುಬಿಡು, ಬಸ್ ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ. ಯಾರನ್ನೂ ಕೇಳಬೇಡ, ಬಸ್ಸಿನ ಬೋರ್ಡು ನೀನೇ ಓದಿಕೊಂಡು ಹತ್ತು.