ನಿನ್ನಮ್ಮನ ಜೊತೆ ಕಿನೊಸಾಕಿಗೆ

ಓತ್ಸು
ನವೆಂಬರ್ ೨೬

ಪ್ರೀತಿಯ ಹೊನಾಮಿಗೆ,

ಸೆಂದಾಯ್‌ನಲ್ಲಿ ಆಗಲೇ ಮೊದಲ ಹಿಮ ಬಿದ್ದಿತೆಂದು ಟೀವಿಯಲ್ಲಿ ನೋಡಿದೆ. ನೀನೂ ಅಳಿಯಂದಿರೂ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕಳಿಸಿದ ಸೇಬು ತಲುಪಿ ಬಹಳ ದಿನವಾಯಿತು. ತಲುಪಿತೆಂದು ಒಂದು ಸಾಲು ಬರೆಯಲಿಲ್ಲವೆಂದು ಬೇಸರಿಸಬೇಡ. ಅರ್ಧ ನಾನು ತಿಂದೆ, ಅರ್ಧ ಪಕ್ಕದ ಮನೆಯವರು ತಿಂದರು, ಎಲ್ಲರೂ ನಿನ್ನನ್ನು ಹೊಗಳಿದರು. ತಡವಾಗಲು ಕಾರಣವಿದೆ. ನಾನು ಊರಲ್ಲಿರಲಿಲ್ಲ. ಪ್ರವಾಸ ಹೋಗಿದ್ದೆ, ಅದೂ ನಿನ್ನಮ್ಮನ ಜೊತೆ.

ಈಗ ನೀನು ಕಾಗದ ಕೆಳಗಿಟ್ಟು ಗಂಡನನ್ನು ಕೂಗಿರುತ್ತೀಯ. ಕೂಗು. ಆಮೇಲೆ ಕೂತು ಪೂರ್ತಿ ಓದು.

ತಿಂಗಳ ಮೊದಲಲ್ಲಿ ಒಸಾಕಾದಿಂದ ನಿನ್ನಮ್ಮನ ಫೋನು ಬಂತು. ನಿನ್ನಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ, ಅದಕ್ಕೆ ಮುಂಚೆ ಆಡಿದ್ದೂ ಅಷ್ಟರಲ್ಲೇ.

“ತೆರುಯೊ, ನಾನು ಕಿನುಯೊ. ಕಿನೊಸಾಕಿ ಬಿಸಿನೀರಿನ ಬುಗ್ಗೆ ಹತ್ರ ಕೋಣೆ ಹಿಡ್ದಿದೀನಿ. ಜೊತೆಗೆ ಬರ್ಬೇಕಾದವಳು ಸೊಂಟ ಮುರ್ಕೊಂಡು ಮಲಗಿದಾಳೆ. ನೀನು ಬರ್ತೀಯಾ?”

“ನನ್ನನ್ಯಾಕೆ ಕರೀತೀರಿ?” ಎಂದೆ.

“ಬೇರೆಯವರ್ನ ಕರೆದ್ರೆ ಅವರೆದುರು ಒಳ್ಳೆಯವಳ ಥರ ಇರ್ಬೇಕಾಗುತ್ತೆ. ನಿನ್ನ ಹತ್ರ ಆ ತಾಪತ್ರಯ ಇಲ್ಲ.”

ಆ ಉತ್ತರ ನನಗೆ ಹಿಡಿಸಿತು. ಒಪ್ಪಿದೆ. ನಿನ್ನಪ್ಪನನ್ನು ಬಿಟ್ಟು ಹೋದವಳೂ ಆಮೇಲೆ ಅವರನ್ನು ಕಟ್ಟಿಕೊಂಡವಳೂ ಒಂದೇ ರೈಲಿನಲ್ಲಿ ಅಕ್ಕಪಕ್ಕ ಕೂತು ಊಟದ ಡಬ್ಬಿ ಬಿಚ್ಚುವುದನ್ನು ಅವರು ನೋಡಿದ್ದರೆ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡುತ್ತಿದ್ದರು.

ಆದರೆ ಕಿನೊಸಾಕಿಗೆ ಮೊದಲು ಕ್ಯೋಟೊ. ಬೆಟ್ಟದ ಬುಡದ ಆ ದೇವಾಲಯಕ್ಕೇ ಹೋಗಬೇಕೆಂದು ನಿನ್ನಮ್ಮ ಹಟ ಹಿಡಿದರು. ನಿನ್ನಪ್ಪ ಆಯುಷ್ಯವೆಲ್ಲ ಮಾಲಿಯಾಗಿ ಕತ್ತರಿ ಆಡಿಸಿದ ತೋಟವಲ್ಲವೇ. ಮೇಪಲ್ ಎಲೆಗಳು ಕೆಂಪಾಗಿ ಉದುರಲು ಶುರುವಾಗಿದ್ದವು. ಪ್ರವಾಸಿಗಳ ಗಲಾಟೆ ಮುಗಿಯಲೆಂದು ಕಾದು, ಜಲ್ಲಿಯಲ್ಲಿ ಅಲೆಯಂತೆ ಗೆರೆ ಎಳೆದ ಕಲ್ಲಿನ ಅಂಗಳದ ಜಗಲಿಯ ಮೇಲೆ ಕೂತೆವು. ನಿನ್ನಮ್ಮ ಅಂಗಳದ ಕಡೆ ನೋಡಿ ಹೇಳಿದರು: “ಜಲ್ಲಿ ಚೆನ್ನಾಗಿ ಗೀರಿದಾರೆ. ಆದ್ರೆ ಬಂಡೆಗಳನ್ನ ಯಾಕೆ ತೆಗೆಸ್ಬಿಟ್ರು?”

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬಂಡೆಗಳು ಎದುರಿಗೇ ಇದ್ದವು.

“ಎಲ್ಲಿ ನೋಡ್ತಿದೀರಿ ನೀವು?”

ಕೋಳಿಯ ಹಾಗೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದರು. “ಓ, ಇವೆ. ಹೀಗೆ ನೋಡಿದ್ರೆ ಇವೆ. ನೇರ ನೋಡಿದ್ರೆ ಇಲ್ಲ.”

ಹೊನಾಮಿ, ನಿನ್ನಮ್ಮನ ಕಣ್ಣು ಹೋಗುತ್ತಿದೆ. ನೋಟದ ನಡುಭಾಗ ಸವೆಯುತ್ತಿದೆಯಂತೆ, ಅಂಚು ಉಳಿಯುತ್ತದಂತೆ. ಡಾಕ್ಟರು ಸೂಜಿ ಹಾಕುತ್ತಿದ್ದಾರೆ, ಅದರಿಂದ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. “ನಿನ್ನ ಕಿವಿ ಕಾಣ್ಸುತ್ತೆ, ಮೂಗು ಕಾಣ್ಸಲ್ಲ. ನಷ್ಟವೇನಿಲ್ಲ ಬಿಡು,” ಎಂದು ನನಗೇ ಚುಚ್ಚಿದರು. ಹೊನಾಮಿಗೆ ಗೊತ್ತೇ ಎಂದು ಕೇಳಿದೆ. “ಗೊತ್ತಾದ್ರೆ ನಾಳೆನೇ ಬಂದು ನನ್ನ ಗಂಟುಮೂಟೆ ಕಟ್ಟಿ ಸೆಂದಾಯ್‌ಗೆ ಹೊತ್ಕೊಂಡ್ಹೋಗ್ತಾಳೆ. ಅದಕ್ಮುಂಚೆ ನೋಡ್ಬೇಕಾದ್ದನ್ನ ನೋಡ್ಬಿಡೋಣ ಅಂತ ಬಂದೆ.” ಈಗ ಇದನ್ನು ಬರೆಯುತ್ತಿರುವುದು ಅವರ ಒಪ್ಪಿಗೆಯಿಂದಲೇ. ತಾವು ಬರೆಯಲು ಹೋದರೆ ಸಾಲು ಸೊಟ್ಟಗಾಗುತ್ತದೆ, ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ಅದಕ್ಕೆ ನಾನೇ ಬರೆಯಬೇಕು ಎಂದರು.

ಆಮೇಲೆ ತೋಟದ ಉದ್ದಕ್ಕೂ ನಾನೇ ಅವರಿಗೆ ಹೇಳುತ್ತಾ ನಡೆದೆ. ಇಲ್ಲಿ ಪಾಚಿ, ಇಲ್ಲಿ ಕಲ್ಲುದೀಪ, ಇಲ್ಲಿ ಕೊಳದ ಮೇಲೆ ಬಾಗಿದ ಪೈನ್ ಮರ, ಕೊಂಬೆಗೆ ಕೊಟ್ಟ ಊರುಗೋಲು ಹೊಸದು. ಅದನ್ನು ಕೇಳಿ ನಿಂತುಬಿಟ್ಟರು.

“ಇನ್ನೂ ಇದೆಯಾ ಆ ಪೀಡೆ? ನಂಗೆ ಹೆರಿಗೆ ನೋವು ಬಂದಾಗ ಗಂಡ ಅನ್ನಿಸ್ಕೊಂಡ ತೊಕುಜಿ ಇದರ ಮೇಲೆ ಹತ್ತಿ ಕೂತಿದ್ದ. ಇನ್ನೊಂದೇ ಕೊಂಬೆ ಬಾಕಿ ಅಂತ ಹೇಳಿ ಕಳಿಸಿದ್ದ.”

“ನಮ್ಮ ಮದುವೆಯಾದ ವಾರವೇ ಚಂಡಮಾರುತ ಬಂತು,” ಎಂದೆ. “ನನ್ನ ಒಬ್ಬಳನ್ನೇ ಮನೇಲಿ ಬಿಟ್ಟು ಇದಕ್ಕೆ ಹಗ್ಗ ಕಟ್ಟೋಕೆ ಹೋದ್ರು.”

“ನೋಡ್ದಾ? ನೀನೂ ನಾನೂ ಸವತಿಯರಲ್ಲ ಕಣೆ. ನಮ್ಮಿಬ್ಬರಿಗೂ ಸವತಿ ಇವಳು.”

ಅಲ್ಲಿ ಗುಡಿಸುತ್ತಿದ್ದ ಸನ್ಯಾಸಿ ತಲೆ ಎತ್ತುವಷ್ಟು ಜೋರಾಗಿ ನಕ್ಕೆವು. ನಿನ್ನಪ್ಪನ ಬಗ್ಗೆ ಯಾರ ಜೊತೆಯಾದರೂ ಹಾಗೆ ನಕ್ಕು ಎಷ್ಟು ಕಾಲವಾಗಿತ್ತು ಅನ್ನುತ್ತೀಯ.

ಮಾರನೆಯ ದಿನ ಕಿನೊಸಾಕಿ. ವಸತಿಮನೆಯ ಯಜಮಾನಿ ಮೊಣಕಾಲೂರಿ ಚಹಾ ಬಗ್ಗಿಸುತ್ತಾ, “ಅಕ್ಕತಂಗಿಯರು ಜೊತೆಯಾಗಿ ಬಂದದ್ದು ಸಂತೋಷ,” ಎಂದರು.

“ಅಕ್ಕತಂಗಿಯರಲ್ಲಮ್ಮ. ಇಬ್ಬರಿಗೂ ಒಬ್ಬನೇ ಗಂಡ. ಮೊದಲು ನಾನು, ಆಮೇಲೆ ಇವಳು,” ಎಂದರು ನಿನ್ನಮ್ಮ.

ಆಕೆ ಒಂದು ತೊಟ್ಟೂ ಚೆಲ್ಲಲಿಲ್ಲ. “ಹಾಗಾದ್ರೆ ಏಡಿ ಹೇಗೆ ಬೇಯಿಸ್ಬೇಕು ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳ್ಬೇಕು,” ಎಂದು ತಲೆಬಾಗಿದರು. ಅಂಥ ಹೆಂಗಸಿನ ಮನೆಯಲ್ಲಿ ಊಟ ಕೆಡುವುದುಂಟೇ? ಕೆಡಲಿಲ್ಲ.

ಸಂಜೆ ಹತ್ತಿಯ ನಿಲುವಂಗಿ ತೊಟ್ಟು, ಮರದ ಮೆಟ್ಟು ಟಕಟಕ ಅನ್ನಿಸುತ್ತಾ ಕಾಲುವೆಯ ದಂಡೆಯ ಸ್ನಾನದ ಮನೆಗೆ ಹೋದೆವು. ನಿನ್ನಮ್ಮ ನನ್ನ ತೋಳು ಹಿಡಿದಿದ್ದರು, ಆದರೆ ಹಿಡಿದಿಲ್ಲವೆಂಬಂತೆ. ಒಳಗೆ ಆವಿ ಬೇರೆ. ಕೊಳಕ್ಕೆ ಇಳಿಯುವ ಕಲ್ಲಿನ ಮೇಲೆ ಕಾಲು ಜಾರಿತು. ನಾನು ಸೊಂಟಕ್ಕೆ ಕೈಹಾಕಿ ಹಿಡಿಯದಿದ್ದರೆ ತಲೆಗೆ ಪೆಟ್ಟಾಗುತ್ತಿತ್ತು. ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು.

“ಬಿಡು ನನ್ನ. ನಾನೇನು ಕೂಸಾ?”

“ಕೂಸಾಗಿದ್ರೆ ಇಷ್ಟು ಭಾರ ಇರ್ತಿರ್ಲಿಲ್ಲ,” ಎಂದೆ, ಆದರೆ ಬಿಡಲಿಲ್ಲ.

ಕತ್ತಿನವರೆಗೆ ನೀರಲ್ಲಿ ಕೂತ ಮೇಲೆ ಅವರ ಗಲ್ಲ ನಡುಗುತ್ತಿರುವುದು ಕಂಡಿತು. ಬಿಸಿನೀರಲ್ಲಿ ಚಳಿ ಎಲ್ಲಿಂದ ಬರಬೇಕು. ನಾನು ಬೇರೆ ಕಡೆ ನೋಡಿದೆ. ಅವರೇ ಶುರುಮಾಡಿದರು. “ಕಣ್ಣಿದ್ದಾಗ ನೋಡದ ಊರಲ್ಲಿ ಕಣ್ಣಿಲ್ದೆ ಹೇಗೆ ಓಡಾಡ್ಲಿ ಹೇಳು. ಹೊನಾಮಿ ಒಳ್ಳೆಯವಳು. ಅದೇ ಕಷ್ಟ. ದಿನಾ ನನ್ನ ನೋಡಿ ಮರುಗ್ತಾಳೆ. ನಾನು ಅಷ್ಟೊಂದು ಮರುಕ ತಡ್ಕೊಳೋಳಲ್ಲ.”

“ಹಾಗಾದ್ರೆ ಓತ್ಸು ಮನೆಗೆ ಬನ್ನಿ,” ಎಂದೆ. ಯೋಚಿಸಿ ಹೇಳಿದ್ದಲ್ಲ, ಆದರೆ ಹೇಳಿದ ಮೇಲೆ ಅದೇ ಸರಿ ಅನ್ನಿಸಿತು. “ನೀವು ಮದುವೆಯಾಗಿ ಬಂದ ಮನೆ. ಮೆಟ್ಟಿಲು, ಹೊಸಿಲು, ತಗ್ಗಿನ ತೊಲೆ, ಎಲ್ಲ ಕಾಲಿಗೂ ತಲೆಗೂ ಗೊತ್ತು. ಅಡುಗೆಮನೆ ಕಪಾಟು ಮಾತ್ರ ನಾನು ಜಾಗ ಬದಲಾಯಿಸಿದೀನಿ.”

“ಯಾಕೆ ಬದಲಾಯಿಸ್ದೆ? ಸರಿಯಾದ ಜಾಗದಲ್ಲೇ ಇತ್ತಲ್ಲ.”

“ಬೆಳಕಿಗೆ ಅಡ್ಡ ಇತ್ತು.”

“ನಂಗಿನ್ನು ಬೆಳಕು ಯಾತಕ್ಕೆ? ಮೊದಲಿದ್ದಲ್ಲೇ ಇಡು, ಬರ್ತೀನಿ.”

“ಇಡಲ್ಲ.”

“ಹಾಗಾದ್ರೆ ನಾನು ಬರಲ್ಲ.”

ಇಬ್ಬರೂ ಹಟ ಬಿಡದೆ ವಸತಿಮನೆಗೆ ಮರಳಿದೆವು, ಏಡಿಯ ಕಾಲುಗಳನ್ನು ಮುರಿದೆವು. ಅವರ ತಟ್ಟೆಯ ಏಡಿಯನ್ನೂ ನಾನೇ ಬಿಡಿಸಿದೆ, ಅವರು ಬೇಡವೆನ್ನದೆ ತಿಂದರು. ಬೆಳಿಗ್ಗೆ ತಿಂಡಿಗೆ ಕೂತಾಗ ಸಾರಿನ ಬಟ್ಟಲು ಮೂಗಿನ ಹತ್ತಿರ ಹಿಡಿದು ಹೇಳಿದರು: “ಕಪಾಟು ಎಲ್ಲಿದೆಯೋ ಅಲ್ಲೇ ಇರ್ಲಿ. ಆದ್ರೆ ಮಿಸೊ ಸಾರು ನಾನು ಮಾಡೋದು. ನೀನು ಮಾಡೋದು ಶಾಲೆ ಮಕ್ಕಳಿಗೆ ಸರಿ.”

ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿದವಳೆಂದು ಅವರಿಗೆ ಯಾರು ಹೇಳಿದರೋ, ನೀನೇ ಇರಬೇಕು.

ಹೀಗಾಗಿ ವಿಷಯ ಇಷ್ಟು. ಡಿಸೆಂಬರ್ ಮಧ್ಯದಲ್ಲಿ ನಿನ್ನಮ್ಮ ಇಲ್ಲಿಗೆ ಬರುತ್ತಾರೆ. ಸರೋವರದ ಕಡೆಯ ಕೋಣೆ ಅವರಿಗೆ. ಮೆಟ್ಟಿಲಿಗೆ ಹಿಡಿಗಂಬಿ ಹಾಕಿಸಲು ಬಡಗಿಗೆ ಹೇಳಿದ್ದೇನೆ. ನಾವು ಜಗಳವಾಡುತ್ತೇವೆ, ಅದರಲ್ಲಿ ಅನುಮಾನವಿಲ್ಲ, ಆದರೆ ಇಬ್ಬರಿಗೂ ಜಗಳಕ್ಕೆ ಒಬ್ಬರು ಬೇಕಾಗಿತ್ತು. ನೀನು ಹೆದರಿ ಓಡಿ ಬರಬೇಡ. ನಿನ್ನಿಂದ ಆಗುವುದಿಲ್ಲವೆಂದು ನಾವು ಹೀಗೆ ನಿರ್ಧರಿಸಿದ್ದಲ್ಲ. ಹೊಸ ವರ್ಷಕ್ಕೆ ಅಳಿಯಂದಿರ ಜೊತೆ ಬಾ. ಬಂದು ನಿನ್ನ ಕಣ್ಣಾರೆ ನೋಡು, ಆಮೇಲೆ ಬೇಕಾದರೆ ಬೈಯಿ.

ಗಂಟಲು ಜೋಪಾನ. ನಿನ್ನ ಮನೆ ತುಂಬಿ ಬೆಳಗಲಿ, ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ಇಂತು,
ತೆರುಯೊ

ಮ.ಬ.: ಇದೊಂದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನಪ್ಪನ ಅಸ್ಥಿ ಆರಿಸಿದ ದಿನ, ಇಬ್ಬಿಬ್ಬರು ಜೋಡಿಯಾಗಿ ಕಡ್ಡಿ ಹಿಡಿದು ಒಂದೊಂದೇ ಎಲುಬನ್ನು ಕುಡಿಕೆಗೆ ಹಾಕಬೇಕಿತ್ತಲ್ಲ. ನಾನು ಪಕ್ಕದಲ್ಲಿ ನಿನಗೆ ಜಾಗ ಬಿಟ್ಟು ನಿಂತಿದ್ದೆ. ನೀನು ನನ್ನ ಮುಂದೆಯೇ ಹಾದು ನಿನ್ನಮ್ಮನ ಬಳಿಗೆ ಹೋದೆ. ನನಗೆ ಜೋಡಿಯಾಗಿ ಸ್ಮಶಾನದ ನೌಕರ ಬಂದ. ಬಿಳಿ ಕೈಗವಸು ಹಾಕಿದ್ದ, ಪಾಪ, ಬಹಳ ಮೆಲ್ಲಗೆ ಎತ್ತಿದ. ನಿನ್ನಮ್ಮನಿಗೆ ಇದನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ನೀನು ಹನ್ನೊಂದರ ಹುಡುಗಿಯಾಗಿದ್ದಾಗಿನಿಂದ ನಿನ್ನ ಜಡೆ ಹೆಣೆದವಳು ನಾನು. ಆ ದಿನ ದುಃಖದಲ್ಲಿ ನಿನಗೆ ತೋಚಲಿಲ್ಲವೋ, ಅಥವಾ ಬೇಕೆಂದೇ ಹಾಗೆ ಮಾಡಿದೆಯೋ? ಬಂದಾಗ, ನಾವಿಬ್ಬರೇ ಇದ್ದಾಗ, ಹೇಳು. ಯಾವುದಾದರೂ ಸರಿ. ಕೇಳಿ ತಡೆದುಕೊಳ್ಳುವ ಶಕ್ತಿ ನನಗಿದೆ, ಕೇಳದೆ ಇರುವುದು ಮಾತ್ರ ಇನ್ನು ಆಗುತ್ತಿಲ್ಲ.