ಕೆಂಪು ಗೆರೆ ದಾಟದ ಚುಕ್ಕಿಗಳು

ಮಾರ್ಚ್ ೧೪, ಗುರುವಾರ



ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹಾಜರಿ ಕಾರ್ಡಿನ ಗಂಟೆಗಳನ್ನು ಕೂಡಿ, ಒಂದು ಅಂಗಿಗೆ ಎಷ್ಟು ಕೂಲಿ ಬಿತ್ತು ಎಂದು ಗೋಡೆಯ ಚಾರ್ಟಿನಲ್ಲಿ ದಿನಕ್ಕೊಂದು ಚುಕ್ಕಿ ಇಡುವುದು ನನ್ನ ಕೆಲಸ. ಚುಕ್ಕಿ ಮೇಲಿನ ಕೆಂಪು ಗೆರೆ ದಾಟಿದರೆ ಹೊಲಿಗೆ ವಿಭಾಗದಲ್ಲಿ ಏನೋ ಎಡವಟ್ಟಾಗಿದೆ ಎಂದರ್ಥ. ಐದು ತಿಂಗಳಿಂದ ಒಂದೂ ದಾಟಿಲ್ಲ. ಮೊನ್ನೆ ಮ್ಯಾನೇಜರ್ ಹೊಗಳಿದಾಗ ಉಬ್ಬಿಹೋಗಿದ್ದೆ. ಮಷಿನ್ ಕೆಟ್ಟ ದಿನವೂ ಚುಕ್ಕಿ ಕದಲದೆ ಕೂತಿದ್ದು ನನ್ನ ಹಾಳು ಕಣ್ಣಿಗೆ ಯಾಕೆ ಬೀಳಲಿಲ್ಲ?

ಸಂಜೆ ಊಟದ ಡಬ್ಬಿ ಮರೆತು ವಾಪಸ್ ಹೋದೆ. ಬಾಗಿಲ ಬಳಿ ಎಲ್ಲರ ಕಾರ್ಡಿನಲ್ಲೂ ಐದೂವರೆಗೆ ಹೊರಟ ಮುದ್ರೆ. ಒಳಗೆ ನೋಡಿದರೆ ಮಷಿನ್‌ಗಳು ಓಡುತ್ತಿವೆ! ನಲವತ್ತು ಹೆಂಗಸರು ತಲೆ ಬಗ್ಗಿಸಿ ಬಿಟ್ಟಿ ಹೊಲಿಯುತ್ತಿದ್ದಾರೆ. ಮೂರನೇ ಸಾಲಿನಲ್ಲಿ ನನ್ನ ಅಕ್ಕ. ದಿನಾ ತಡವಾಗಿ ಬಂದು "ಬಸ್ ಸಿಗಲಿಲ್ಲ" ಎನ್ನುವ ಅಕ್ಕ.

"ಇದೇನೇ ಅಕ್ಕ? ಪಂಚ್ ಮಾಡಿ ಮತ್ತೆ ಕೂತಿದ್ದೀರಾ? ಸೂಪರ್‌ವೈಸರ್ ಹೇಳಿದ್ರಾ?"

"ಅವರು ಕಂಡೂ ಕಾಣದ ಹಾಗಿರ್ತಾರೆ. ಎಲ್ಲರನ್ನೂ ಒಪ್ಪಿಸಿದ್ದು ನಾನೇ," ಎಂದಳು, ಸೂಜಿಯಿಂದ ಕಣ್ಣೆತ್ತದೆ. "ಆ ಗೆರೆ ದಾಟಿದ್ರೆ ನಿನ್ನ ಕೆಲಸ ಹೋಗುತ್ತೆ ಅಂದ್ಕೊಂಡೆ ಕಣೇ."

ಗೆರೆ ಯಾತಕ್ಕೆಂದು ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಗೋಡೆಗೆ ಅಂಟಿಸಿ ಬಂದಿದ್ದೆ, ಅಷ್ಟೇ.

ಅಕ್ಕ ಪಕ್ಕದಲ್ಲೇ ಮಲಗಿದ್ದಾಳೆ. ನಿದ್ದೆಯಲ್ಲೂ ಬಲಗಾಲು ಪೆಡಲ್ ಒತ್ತಿದಂತೆ ಅಲುಗುತ್ತಿದೆ. ಐದು ತಿಂಗಳು, ದಿನಕ್ಕೆ ಎಷ್ಟು ಗಂಟೆ? ಬೆಳಿಗ್ಗೆ ಎದ್ದ ಕೂಡಲೇ ಕೇಳಬೇಕು. ನಾಳೆ ನಿಜವಾದ ಗಂಟೆ ಸೇರಿಸಿದರೆ ಚುಕ್ಕಿಗೆ ಆ ಕಾಗದದಲ್ಲಿ ಜಾಗವೇ ಇರುವುದಿಲ್ಲ. ಗೋಡೆಯ ಮೇಲೇ ಇಡಬೇಕು. ಇಡುತ್ತೇನೆ, ಎಲ್ಲರ ಎದುರಿಗೇ, ಆಮೇಲೆ ಮ್ಯಾನೇಜರ್ ಏನಾದರೂ ಮಾಡಿಕೊಳ್ಳಲಿ.