ಒಂದೇ ಬೆಂಚು, ಎರಡು ಹೊತ್ತು

ತಣ್ಮನೆ ಓಣಿ, ಕಲಬುರಗಿ
2187, ಎರಡನೆಯ ಬೇಸಿಗೆಯ ಕೊನೆಯ ವಾರ

ಕಸ್ತೂರಿ ಅಜ್ಜಿಯವರಿಗೆ ನೀಲವ್ವನ ಶರಣು.

ನೀವು ನನ್ನ ಅಜ್ಜಿಯ ಮುತ್ತಜ್ಜಿ. ನನ್ನ ಬಳಿ ಉಳಿದಿರುವ ನಿಮ್ಮ ಫೋಟೊದಲ್ಲಿ ನನಗಿಂತ ಚಿಕ್ಕವರಾಗಿ ಕಾಣುತ್ತೀರಿ. ಆದರೂ ಅಜ್ಜಿ ಎಂದೇ ಬಾಯಿಗೆ ಬರುತ್ತದೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಮಗೆ ವರ್ಷಕ್ಕೆ ಮೂರು ಬೇಸಿಗೆ. ಮಳೆಗಾಲ ನಡುವೆ ಎಲ್ಲೋ ಬಂದು ಹೋಗುತ್ತದೆ.

ನಾವಿರುವುದು ನೆಲದಡಿ ತೋಡಿದ ತಣ್ಮನೆಗಳಲ್ಲಿ. ಬೆಳಗಾದ ಸ್ವಲ್ಪ ಹೊತ್ತಿಗೆ ಉರಿಹೊತ್ತಿನ ಗಂಟೆ ಬಾರಿಸುತ್ತದೆ. ಅಲ್ಲಿಂದ ಸೂರ್ಯ ಮುಳುಗುವವರೆಗೆ ಯಾರೂ ಮೇಲೆ ಬರುವಂತಿಲ್ಲ, ಊರಿಗೆ ಊರೇ ಮಲಗುತ್ತದೆ. ಶಾಲೆಯಲ್ಲಿ ಒಂದನೆಯ ತರಗತಿಗೆ ಇರುವುದು ಒಂದೇ ಕೋಣೆ. ಅದರಲ್ಲಿ ಒಂದು ಗುಂಪು ನಸುಕಿಗೆ ಕಲಿಯುತ್ತದೆ, ಇನ್ನೊಂದು ಮುಸ್ಸಂಜೆಗೆ. ನಿಮ್ಮ ಕಾಲದಲ್ಲಿ ಅವಳಿಗಳನ್ನು ಬೇರೆ ಬೇರೆ ತರಗತಿಗೆ ಹಾಕಿದರೆ ನಡುವೆ ಒಂದು ಗೋಡೆ ಬರುತ್ತಿತ್ತು, ಊಟದ ಬಿಡುವಿನಲ್ಲಿ ಮತ್ತೆ ಕೂಡುತ್ತಿದ್ದರು. ಇಲ್ಲಿ ಒಂದೇ ಬೆಂಚಿನಲ್ಲಿ ಕೂತರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮನೆಯಲ್ಲೂ ಒಬ್ಬಳು ಏಳುವಾಗ ಇನ್ನೊಬ್ಬಳು ಮಲಗಿರುತ್ತಾಳೆ.

ನನ್ನ ಅವಳಿಗಳು ಹೊನ್ನಿ ಮತ್ತು ಮುತ್ತಿ. ಹೊನ್ನಿ ಮಾತಿನ ಮಲ್ಲಿ. ಮುತ್ತಿಯನ್ನು ಏನು ಕೇಳಿದರೂ ಉತ್ತರ ಹೊನ್ನಿಯದೇ. ಹಸಿವಾಯಿತೇ ಮುತ್ತಿ ಅಂದರೆ, "ಅಕೀಗಿ ಹಸಿವಿಲ್ಲ" ಅನ್ನುವವಳೂ ಅವಳೇ! ಇದನ್ನು ಕಂಡ ಗುರುತಾಯಿ (ಕಲಿಸುವವರನ್ನು ನಾವು ಹಾಗೆ ಕರೆಯುತ್ತೇವೆ) ಇಬ್ಬರನ್ನೂ ಬೇರೆ ಮಾಡಿ ಎಂದರು. ನಮ್ಮ ಅತ್ತೆಗೆ ಸಿಟ್ಟು ಬಂತು, ಗುರುತಾಯಿಗೇ ಅಂದರು. "ಕೂಡಿ ಹುಟ್ಟ್ಯಾವ, ಕೂಡೇ ಇರ್ಲಿ. ನಿನಗ್ಯಾಕ ಇಲ್ಲದ ಉಸಾಬರಿ?" ಕೊನೆಗೆ ಗುರುತಾಯಿಯೇ, "ಒಂದ್ ದಿನ ಮಾಡಿ ನೋಡ್ರಿ, ಆಮ್ಯಾಲ ನೀವೇ ಹೇಳ್ರಿ" ಎಂದರು.

ನಿನ್ನೆ ಮಾಡಿ ನೋಡಿದೆ. ಮುತ್ತಿಯನ್ನು ನಸುಕಿಗೆ ಕಳಿಸಿ, ಅಳುತ್ತಾ ಬರುತ್ತಾಳೆಂದು ಬಾಗಿಲಲ್ಲೇ ನಿಂತಿದ್ದೆ. ಅವಳು ಹೊಸ ಗೆಳತಿಯರ ಹೆಸರು ಹೇಳುತ್ತಾ ಕುಣಿದುಕೊಂಡು ಬಂದಳು. ಮುಸ್ಸಂಜೆಗೆ ಹೋದ ಹೊನ್ನಿ ತರಗತಿಯಲ್ಲಿ ತುಟಿ ಪಿಟಕ್ ಎನ್ನಲಿಲ್ಲವಂತೆ. ಬೆಂಚಿನ ಕೆಳಗಿನ ಗೂಡಿನಲ್ಲಿ ಮುತ್ತಿ ಅಕ್ಕನಿಗೆಂದು ಅರ್ಧ ಸಜ್ಜೆ ರೊಟ್ಟಿ ಇಟ್ಟು ಬಂದಿದ್ದಳು. ಹೊನ್ನಿ ಅದನ್ನು ಮುಟ್ಟದೆ ಮನೆಗೆ ತಂದಳು.

"ಇಬ್ರೂ ಕೂಡಿ ತಿನ್ನೂಣಂತ ತಂದೀನಿ, ಯವ್ವಾ."

ಮರುದಿನದ ನಸುಕಿಗೆ ಏಳಬೇಕಲ್ಲ, ಮುತ್ತಿ ಆಗಲೇ ಮಲಗಿಬಿಟ್ಟಿದ್ದಳು. ಹೊನ್ನಿ ರೊಟ್ಟಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ಕೂತಳು.

ಕೂಡಿಸಿದರೆ ಮುತ್ತಿ ಮತ್ತೆ ಮೂಕಿಯಾಗುತ್ತಾಳೆ, ಬೇರೆ ಮಾಡಿದರೆ ಹೊನ್ನಿ ಬಾಡುತ್ತಾಳೆ. ನಾನು ಯಾರ ತಾಯಿಯಾಗಿ ಯೋಚಿಸಲಿ ಅಜ್ಜಿ? ಇಂದು ಸೂರ್ಯ ಮುಳುಗುತ್ತಲೇ ಗುರುತಾಯಿಗೆ ಉತ್ತರ ಹೇಳಬೇಕು. ಭಯವಾಗುತ್ತಿದೆ.

ನಮ್ಮ ವಂಶದಲ್ಲಿ ನನಗಿಂತ ಮೊದಲು ಅವಳಿ ಹೆತ್ತವರು ನೀವೊಬ್ಬರೇ. ಫೋಟೊದಲ್ಲಿ ನೀವು ಶಾಲೆಯ ಗೇಟಿನ ಮುಂದೆ ನಿಂತಿದ್ದೀರಿ. ಎರಡೂ ಕೈಗೆ ಒಬ್ಬೊಬ್ಬಳಂತೆ, ಒಂದೇ ಬಣ್ಣದ ರಿಬ್ಬನ್ ಕಟ್ಟಿದ ಹುಡುಗಿಯರು. ಒಳಗೆ ಹೋದ ಮೇಲೆ ಅವರು ಒಂದೇ ತರಗತಿಯಲ್ಲಿ ಕೂತರೇ? ದೊಡ್ಡವರಾದ ಮೇಲೂ ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಿದ್ದರೇ? ಹೇಳುವವರು ಯಾರೂ ಉಳಿದಿಲ್ಲ.

ಒಂದು ಉಪಕಾರ ಮಾಡಿ. ಆ ಫೋಟೊದ ಹಿಂದೆ ಒಂದು ಸಾಲು ಬರೆದಿಡಿ. ಸದ್ಯಕ್ಕೆ ಅದರ ಹಿಂಬದಿ ಖಾಲಿಯಿದೆ. ಈ ಕಾಗದ ಮುಗಿಸಿ ಇನ್ನೊಮ್ಮೆ ತಿರುಗಿಸಿ ನೋಡುತ್ತೇನೆ. ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದ್ದಾರೆ. ಉರಿಹೊತ್ತು ಮುಗಿಯಿತೆಂದು ಸಂಜೆಯ ಗಂಟೆ ಬಾರಿಸುವ ಹೊತ್ತಾಗುತ್ತಾ ಬಂತು.

ಬೇಗ ಬರೆಯಿರಿ, ಅಜ್ಜಿ.